ಮೂರನೇ ಬ್ಯಾಟರಿ ಕೊಳ್ಳುವ ಮೊದಲು

ಪ್ರಶ್ನೆ: ನಾನು ಕುಂಬಳೆ ಸಮೀಪದ ನಿವೃತ್ತ ಶಾಲಾ ಮಾಸ್ಟ್ರು. ಎರಡು ವರ್ಷದ ಹಿಂದೆ ನೀಲೇಶ್ವರದ ಕಡೆಯ ಒಂದು ರೆಸಾರ್ಟಿನವರು ಮಾರಿದ 22 ಅಡಿಯ ಫೈಬರ್ ಬೋಟು ಕೊಂಡೆ. ಬೋಟಿಗೆ ಈಗ ಸುಮಾರು 18 ವರ್ಷ. ಸೆಲ್ಫ್ ಸ್ಟಾರ್ಟ್ ಇರುವ 40 ಎಚ್‌ಪಿ ಔಟ್‌ಬೋರ್ಡ್ ಎಂಜಿನ್ ಇದೆ. ಶಿರಿಯ ಹೊಳೆಯ ದಂಡೆಯಲ್ಲಿ, ನಮ್ಮ ತೋಟದ ಕೆಳಗೆ ಕಟ್ಟಿಡುತ್ತೇವೆ. ಭಾನುವಾರ ಮೊಮ್ಮಕ್ಕಳನ್ನು ಕೂರಿಸಿಕೊಂಡು ಅಳಿವೆವರೆಗೆ ಹೋಗಿ ಬರುವುದು, ಅಷ್ಟೇ. ಬೇಸಿಗೆಯಲ್ಲಿ ಎಲ್ಲ ಸರಿ ಇರುತ್ತದೆ. ಮಳೆ ಶುರುವಾದರೆ ತಕರಾರು. ಮುಂದಿನ ಲೈಟು ಮಂಕಾಗುತ್ತದೆ. ತಳದ ನೀರು ಎತ್ತುವ ಪಂಪು ಓಡಿದರೆ ಹಾಡಿನ ಸೆಟ್ಟು ಆಫ್ ಆಗುತ್ತದೆ. ಐದಾರು ದಿನ ಬಿಟ್ಟು ಹೋದರೆ ಸೆಲ್ಫ್ ತಿರುಗುವುದಿಲ್ಲ. ಆಗಲೇ ಎರಡು ಬ್ಯಾಟರಿ ಬದಲಿಸಿದೆ. ಪಂಪಿನ 10 ಆಂಪಿಯರ್ ಫ್ಯೂಸು ಪದೇ ಪದೇ ಹೋಗುತ್ತಿತ್ತು, ಆಟೋ ರಿಕ್ಷಾ ರಿಪೇರಿಯವರು 30ರದ್ದು ಹಾಕಿಕೊಟ್ಟರು. ಮುಂದಿನ ಲೈಟಿನ ಮೈನಸ್ಸನ್ನೂ ಅವರೇ ಹತ್ತಿರದ ಸ್ಟೀಲ್ ಕಂಬಿಗೆ ಕೊಟ್ಟರು. ಬ್ಯಾಟರಿ, ಪೆಟ್ರೋಲ್ ಟ್ಯಾಂಕ್ ಎರಡೂ ಹಿಂದಿನ ಸೀಟಿನ ಅಡಿಯಲ್ಲಿವೆ. ಮೀಟರ್ ಇಟ್ಟು ನೋಡಿದರೆ ಎಲ್ಲ ಕಡೆ 12 ವೋಲ್ಟ್ ತೋರಿಸುತ್ತದೆ. ಪೂರ್ತಿ ವೈರಿಂಗ್ ಕಿತ್ತು ಹೊಸದು ಮಾಡಬೇಕೇ? ಮನೆ ವೈರು ಹಾಕಿದರೆ ಸಾಕೇ? ಇನ್ನೊಂದು, ಇದು ಸಣ್ಣ ವಿಷಯ: ಪಂಪ್‌ಶೆಡ್ಡಿನಿಂದ ವೈರ್ ಎಳೆದು ಬೋಟಿನಲ್ಲೇ ಚಾರ್ಜರ್ ಇಟ್ಟಾಗ ಕಂಬಿ ಮುಟ್ಟಿದರೆ ಕೈ ಸ್ವಲ್ಪ ಜುಂ ಎನ್ನುತ್ತದೆ.

ಉತ್ತರ: ಮಾಸ್ಟ್ರೇ, ನೀವು ಸಣ್ಣ ವಿಷಯ ಎಂದು ಕೊನೆಗೆ ಬರೆದದ್ದರಿಂದಲೇ ಶುರು ಮಾಡುತ್ತೇನೆ. ನಿಮ್ಮ ಪತ್ರದಲ್ಲಿ ಜೀವಕ್ಕೆ ಅಪಾಯ ಇರುವುದು ಅದರಲ್ಲಿ. ಉಳಿದವೆಲ್ಲ ದುಡ್ಡು ಮತ್ತು ತಾಳ್ಮೆಯ ಪ್ರಶ್ನೆ.

ಇವತ್ತೇ ಆ ಚಾರ್ಜರನ್ನು ಬೋಟಿನಿಂದ ಹೊರಗೆ ತೆಗೆಯಿರಿ. ಮೊದಲು ಪಂಪ್‌ಶೆಡ್ಡಿನಲ್ಲಿ ಪ್ಲಗ್ಗು ಕೀಳಿ, ಆಮೇಲೆ ಬೋಟಿಗೆ ಇಳಿಯಿರಿ. 12 ವೋಲ್ಟ್ ಯಾರ ಕೈಗೂ ಜುಂ ಎನ್ನುವುದಿಲ್ಲ. ಕೈಗೆ ಗೊತ್ತಾಗುತ್ತಿರುವುದು ಶೆಡ್ಡಿನ 230 ವೋಲ್ಟಿನ ಕರೆಂಟು. ಅದು ಚಾರ್ಜರಿನ ಒಳಗಿಂದ ಸೋರಿ, ಬ್ಯಾಟರಿಯ ಮೈನಸ್ಸಿಗೆ ಬಂದು, ಅಲ್ಲಿಂದ ನಿಮ್ಮ ಆಟೋದವರು ಮೈನಸ್ ಕೊಟ್ಟ ಕಂಬಿಗೆ ಹೋಗಿದೆ. ಕೆಲವು ಚಾರ್ಜರುಗಳಲ್ಲಿ ಅರ್ತ್ ಇಲ್ಲದಿದ್ದಾಗ ಸರ್ಕ್ಯೂಟಿನ ಸ್ವಭಾವದಿಂದಲೇ ಸ್ವಲ್ಪ ಸೋರುತ್ತದೆ, ಅದು ಅಷ್ಟು ದೊಡ್ಡದಲ್ಲ. ಕೆಲವದರಲ್ಲಿ ಟ್ರಾನ್ಸ್‌ಫಾರ್ಮರಿನ ಒಳಗಿನ ಇನ್ಸುಲೇಶನ್ನೇ ಕೆಟ್ಟಿರುತ್ತದೆ. ಕೈಗೆ ಎರಡೂ ಒಂದೇ ಥರ. ಯಾವುದೆಂದು ಮುಟ್ಟಿ ನೋಡಿ ತಿಳಿಯುವ ವಿದ್ಯೆ ನನಗೂ ಗೊತ್ತಿಲ್ಲ, ಯಾರಿಗೂ ಬೇಡ.

ಮಕ್ಕಳು ಬೋಟಿನ ಸುತ್ತ ಈಜುತ್ತಾರೋ ಇಲ್ಲವೋ ನೀವು ಬರೆದಿಲ್ಲ. ಹೊಳೆ ಇದ್ದಲ್ಲಿ ಮಕ್ಕಳು ನೀರಿಗೆ ಇಳಿಯದೆ ಇರುವುದುಂಟೇ? ಮಳೆಗಾಲದಲ್ಲಿ ಶಿರಿಯದ ನೀರು ಹೆಚ್ಚುಕಡಿಮೆ ಸಿಹಿ. ಉಪ್ಪುನೀರಿಗಿಂತ ಸಿಹಿನೀರಿನಲ್ಲಿ ಈ ಸೋರುವ ಕರೆಂಟು ಹೆಚ್ಚು ಅಪಾಯ. ಉಪ್ಪುನೀರು ಕರೆಂಟನ್ನು ತಾನೇ ಸಲೀಸಾಗಿ ಸಾಗಿಸಿಬಿಡುತ್ತದೆ. ಸಿಹಿನೀರಿನಲ್ಲಿ ಮನುಷ್ಯನ ಮೈ ನೀರಿಗಿಂತ ಒಳ್ಳೆಯ ದಾರಿ. ಸ್ನಾಯು ಹಿಡಿದುಕೊಂಡರೆ ಈಜು ಬಲ್ಲವನೂ ಮುಳುಗುತ್ತಾನೆ, ಕೂಗುವುದಕ್ಕೂ ಆಗುವುದಿಲ್ಲ.

ಇನ್ನು ಮೇಲೆ ಬ್ಯಾಟರಿಯನ್ನು ಬಿಚ್ಚಿ ದಡಕ್ಕೆ ತಂದು ಶೆಡ್ಡಿನಲ್ಲೇ ಚಾರ್ಜ್ ಮಾಡಿ. ಹೊರುವುದು ಕಷ್ಟ, ಗೊತ್ತು. ಶೆಡ್ಡಿನ ಲೈನಿಗೆ 30 ಮಿಲಿ ಆಂಪಿಯರ್‌ನ ಆರ್‌ಸಿಸಿಬಿ (ಕರೆಂಟು ಸೋರಿದರೆ ತಾನೇ ಲೈನು ಕಡಿಯುವ ಸ್ವಿಚ್ಚು) ಹಾಕಿಸಿ, ತಿಂಗಳಿಗೊಮ್ಮೆ ಅದರ ಟೆಸ್ಟ್ ಬಟನ್ ಒತ್ತಿ ನೋಡಿ. ಓವರ್‌ಲೋಡಿಗೆ, ಶಾರ್ಟಿಗೆ ಮಾತ್ರ ಬೀಳುವ ಮಾಮೂಲಿ ಎಂಸಿಬಿ ಇಂಥ ಸೋರಿಕೆಗೆ ಬೀಳುವುದಿಲ್ಲ. ಶೆಡ್ಡಿನ ಸಾಕೆಟ್ಟಿನಲ್ಲಿ ಮೂರನೇ ಪಿನ್ನಿಗೆ ನಿಜವಾಗಿ ಅರ್ತ್ ವೈರು ಬಂದಿದೆಯೇ ಎಂದೂ ನೋಡಿಸಿ. ನಮ್ಮ ಕಡೆಯ ತೋಟದ ಶೆಡ್ಡುಗಳಲ್ಲಿ ತೂತು ಮೂರು, ವೈರು ಎರಡು ಇರುವುದನ್ನು ಬಹಳ ಸಲ ಕಂಡಿದ್ದೇನೆ.

ಈಗ ಉಳಿದ ಕಥೆಗೆ ಬರೋಣ. ಲೈಟು ಮಂಕು, ಸೆಟ್ಟು ಆಫ್, ಸೆಲ್ಫ್ ತಿರುಗದಿರುವುದು, ಫ್ಯೂಸು ಹೋಗುವುದು. ನಿಮಗೆ ಇವು ನಾಲ್ಕು ರೋಗದಂತೆ ಕಂಡಿವೆ. ನನಗೆ ಮುಖ್ಯವಾಗಿ ಒಂದೇ ಕಾಣುತ್ತದೆ, ಅದರ ಪಕ್ಕದಲ್ಲಿ ಎರಡು ಸಣ್ಣವು. ನೀವು ಎರಡು ಬ್ಯಾಟರಿ ಬದಲಿಸಿದ್ದೀರಿ. ಜಾಯಿಂಟು ಒಂದನ್ನಾದರೂ ಬಿಚ್ಚಿ ನೋಡಿದ್ದಾಗಿ ಪತ್ರದಲ್ಲಿ ಇಲ್ಲ.

ಮನೆಯಲ್ಲಿ ತಾಮ್ರದ ಹಂಡೆ ಇದ್ದರೆ ನೆನಪಿಸಿಕೊಳ್ಳಿ. ನಾಲ್ಕು ದಿನ ತೊಳೆಯದೆ ಬಿಟ್ಟರೆ ಹಸಿರು ಕಿಲುಬು ಏಳುತ್ತದೆ. ಹುಣಸೆಹುಳಿ ಹಾಕಿ ತಿಕ್ಕಿದರೆ ಹೋಗುತ್ತದೆ. ಬೋಟಿನ ವೈರೂ ಅದೇ ತಾಮ್ರ, ಕೂದಲಿನಷ್ಟು ತೆಳ್ಳಗಿನ ಎಳೆಗಳು. ಅಳಿವೆಯ ಗಾಳಿಯಲ್ಲಿ ಉಪ್ಪು ಇದೆ, ಉಪ್ಪಿಗೆ ತೇವ ಎಳೆಯುವ ಗುಣ ಇದೆ. ಟೇಪು ಸುತ್ತಿದ ಜಾಯಿಂಟಿನ ಒಳಗೆ ಆ ತೇವ ಹೋಗಿ ಕೂರುತ್ತದೆ. ಅಲ್ಲಿಂದ ದೀಪದ ಬತ್ತಿ ಎಣ್ಣೆ ಎಳೆದ ಹಾಗೆ, ಎಳೆಗಳ ಸಂದಿನಲ್ಲಿ ಇನ್ಸುಲೇಶನ್ನಿನ ಅಡಿಗೆ ಒಳಕ್ಕೆ ಏರುತ್ತದೆ. ಹೊರಗಿನಿಂದ ವೈರು ಹೊಸದರಂತೆ ಕೆಂಪಗೆ ಇರುತ್ತದೆ. ಸುಲಿದು ನೋಡಿದರೆ ಒಳಗೆ ಮಸಿ ಬಳಿದಂತೆ ಕಪ್ಪು. ಕಿಲುಬು ಕರೆಂಟಿಗೆ ಸರಿಯಾಗಿ ದಾರಿ ಕೊಡುವುದಿಲ್ಲ. ಬೇಸಿಗೆಯಲ್ಲಿ ಹೇಗೋ ನಡೆಯುತ್ತದೆ, ಜೂನ್ ಬಂದರೆ ಕೈಕೊಡುತ್ತದೆ. ನಿಮ್ಮ ತಕರಾರು ಮಳೆಯ ಜೊತೆ ಬರುವುದು ಅದಕ್ಕೇ. ಹಾಗಂತ ವೈರಿಗೆ ಹುಣಸೆಹುಳಿ ಹಚ್ಚಬೇಡಿ. ನಗಬೇಡಿ, ಒಬ್ಬರು ಹಚ್ಚಿದ್ದನ್ನು ನಾನೇ ನೋಡಿದ್ದೇನೆ. ಹಂಡೆಯನ್ನು ಆಮೇಲೆ ನೀರು ಹಾಕಿ ತೊಳೆಯಬಹುದು. ಎಳೆಗಳ ನಡುವೆ ಸೇರಿದ ಹುಳಿಯನ್ನು ತೊಳೆಯಲಾಗುವುದಿಲ್ಲ. ಅದು ಅಲ್ಲೇ ಕೂತು ಉಳಿದ ತಾಮ್ರವನ್ನೂ ತಿನ್ನುತ್ತದೆ.

ಹಾಗಾದರೆ ಮೀಟರು 12 ತೋರಿಸುವುದು ಯಾಕೆ? ಇಲ್ಲೇ ಎಲ್ಲರೂ ಎಡವುವುದು. ನಿಮ್ಮ ತೋಟದ ಸ್ಪ್ರಿಂಕ್ಲರ್ ಪೈಪನ್ನೇ ತೆಗೆದುಕೊಳ್ಳಿ. ಪೈಪಿನ ನಡುವೆ ಕೆಸರು ಕಟ್ಟಿದೆ ಎಂದಿಟ್ಟುಕೊಳ್ಳಿ. ತುದಿಯ ಗೇಟ್‌ವಾಲ್ವ್ ಬಂದ್ ಮಾಡಿ ಪ್ರೆಶರ್ ಮೀಟರ್ ಇಟ್ಟರೆ ಪೂರ್ತಿ ಪ್ರೆಶರ್ ತೋರಿಸುತ್ತದೆ, ಯಾಕೆಂದರೆ ನೀರು ಹರಿಯುತ್ತಿಲ್ಲ. ವಾಲ್ವ್ ತೆರೆದ ಕೂಡಲೇ ಬಂಡವಾಳ ಗೊತ್ತಾಗುತ್ತದೆ. ಮಲ್ಟಿಮೀಟರೂ ಹಾಗೆಯೇ. ಅದು ಎಳೆಯುವ ಕರೆಂಟು ಇಲ್ಲವೆನ್ನುವಷ್ಟು ಕಡಿಮೆ. ವೈರಿನಲ್ಲಿ ಒಂದೇ ಒಂದು ಎಳೆ ಉಳಿದಿದ್ದರೂ 12 ವೋಲ್ಟ್ ತೋರಿಸುತ್ತದೆ. ಪಂಪು ಓಡುತ್ತಿರುವಾಗ, ಲೈಟು ಉರಿಯುತ್ತಿರುವಾಗ ಅಳೆಯಬೇಕು. ಸ್ವಿಚ್ ಆಫ್ ಇಟ್ಟು ತೆಗೆದ ರೀಡಿಂಗಿಗೆ ಬೋಟಿನಲ್ಲಿ ಬೆಲೆ ಇಲ್ಲ.

ನಾನು ಮಂಗಳೂರಿನ ದಕ್ಕೆಯಲ್ಲಿ ಕೆಲಸ ಕಲಿಯುತ್ತಿದ್ದಾಗ ಇದನ್ನು ತಿಳಿಯದೆ ಒಂದು ಬೋಟಿನ ಸ್ಟಾರ್ಟರ್ ಮೋಟಾರ್ ಬಿಚ್ಚಿಸಿ ಹೊಸದು ಹಾಕಿಸಿದ್ದೆ. ಅದೂ ತಿರುಗಲಿಲ್ಲ. ಕೊನೆಗೆ ಬ್ಯಾಟರಿಯ ಮೈನಸ್ ಕೇಬಲ್ಲಿನ ತಿಂಬಲ್ಲನ್ನು (ತುದಿಗೆ ಹಾಕುವ ಲೋಹದ ಬಳೆ) ಹಿಡಿದು ಎಳೆದಾಗ ಅದು ಕೈಗೇ ಬಂತು, ಒಳಗೆ ಬರೀ ಹಸಿರು ಪುಡಿ. ಬೋಟಿನ ಧಣಿ ಬೈಯಲಿಲ್ಲ, ಆದರೆ ಆ ಮೋಟಾರಿನ ದುಡ್ಡು ನನ್ನ ಸಂಬಳದಲ್ಲೇ ತೀರಿತು.

ಇನ್ನು ಕಂಬಿಗೆ ಕೊಟ್ಟ ಮೈನಸ್. ನಿಮ್ಮ ಆಟೋದವರನ್ನು ನಾನು ದೂರುವುದಿಲ್ಲ. ಅವರ ಕಸುಬಿನಲ್ಲಿ ಅದೇ ಸರಿ. ರಿಕ್ಷಾದಲ್ಲಿ, ಕಾರಿನಲ್ಲಿ ಇಡೀ ಬಾಡಿ ಕಬ್ಬಿಣ. ಒಂದು ಪ್ಲಸ್ ವೈರು ಎಳೆದರೆ ಸಾಕು, ವಾಪಸ್ ಬರುವ ದಾರಿ ಬಾಡಿಯೇ. ಫೈಬರ್ ಬೋಟಿಗೆ ಬಾಡಿ ಅರ್ತ್ ಅನ್ನುವುದೇ ಇಲ್ಲ, ಮರದ ದೋಣಿಗೂ ಇಲ್ಲ. ಹೋದ ಪ್ರತಿಯೊಂದು ವೈರಿಗೂ ಬ್ಯಾಟರಿವರೆಗೆ ವಾಪಸ್ ಬರುವ ಇನ್ನೊಂದು ವೈರು ಬೇಕು. ನಿಮ್ಮಲ್ಲಿ ಲೈಟಿನ ಕರೆಂಟು ಕಂಬಿಯ ಮೂಲಕ, ಕಂಬಿಯ ಜೋಡಣೆಗಳ ಮೂಲಕ, ತುಕ್ಕು ಹಿಡಿದ ಒಂದೆರಡು ಸ್ಕ್ರೂ ದಾಟಿ ಹಿಂದೆ ಬರುತ್ತಿದೆ. ಸ್ಟೇನ್‌ಲೆಸ್ ಸ್ಟೀಲು ಕರೆಂಟು ಸಾಗಿಸುವುದರಲ್ಲಿ ತಾಮ್ರಕ್ಕಿಂತ ಸುಮಾರು 40 ಪಟ್ಟು ಹಿಂದೆ. ಕಂಬಿ ದಪ್ಪ ಇರುವುದರಿಂದ ಅದು ಸುಧಾರಿಸೀತು, ಆದರೆ ಸ್ಕ್ರೂಗಳು ಸುಧಾರಿಸುವುದಿಲ್ಲ. ಲೈಟು ಮಂಕಾಗುವುದು ಅಲ್ಲಿಂದ. ಚಾರ್ಜರಿನ ಸೋರಿಕೆ ನಿಮ್ಮ ಕೈಗೆ ತಲುಪಿದ್ದೂ ಅದೇ ದಾರಿಯಲ್ಲಿ. ಆ ವೈರನ್ನು ಕಂಬಿಯಿಂದ ಬಿಡಿಸುವುದು ನಿಮ್ಮ ಎರಡನೇ ಕೆಲಸ.

ಮೂರನೆಯದು 30ರ ಫ್ಯೂಸು. ಫ್ಯೂಸು ಇರುವುದು ಪಂಪನ್ನು ಕಾಯುವುದಕ್ಕೆ ಎಂದು ಬಹಳ ಮಂದಿ ತಿಳಿದಿದ್ದಾರೆ. ಅದು ಕಾಯುವುದು ವೈರನ್ನು. ನಿಮ್ಮ ಪಂಪಿನ ವೈರು ಹೆಚ್ಚೆಂದರೆ ಒಂದು ಸ್ಕ್ವೇರ್ ಎಂಎಂ ಇರಬಹುದು. ಅದಕ್ಕೆ 30 ಆಂಪಿಯರ್ ಫ್ಯೂಸು ಹಾಕಿದರೆ ಮೊದಲು ಕರಗುವುದು ವೈರಿನ ಇನ್ಸುಲೇಶನ್, ಆಮೇಲೆ ಫ್ಯೂಸು. ಅದೂ ಪೆಟ್ರೋಲ್ ಟ್ಯಾಂಕ್ ಇರುವ ಪೆಟ್ಟಿಗೆಯ ಪಕ್ಕದಲ್ಲಿ. ‘12 ವೋಲ್ಟ್ ಏನು ಮಾಡೀತು’ ಎನ್ನುವ ಮಾತು ಅರ್ಧ ನಿಜ. ಶಾಕ್ ಹೊಡೆಯುವುದಿಲ್ಲ, ಬೆಂಕಿ ಹಚ್ಚುತ್ತದೆ. ಶಾರ್ಟ್ ಆದರೆ ಕಾರಿನ ಬ್ಯಾಟರಿಯೂ ನೂರಾರು ಆಂಪಿಯರ್ ಕೊಡಬಲ್ಲದು. ಸ್ಪ್ಯಾನರ್ ಜಾರಿ ಎರಡು ಟರ್ಮಿನಲ್ಲಿಗೂ ತಾಗಿದರೆ ಕೆಂಪಗಾಗುತ್ತದೆ. ಕೈಯಲ್ಲಿ ಉಂಗುರ ಇದ್ದರೆ ತೆಗೆದಿಟ್ಟು ಕೆಲಸ ಮಾಡಿ.

10ರ ಫ್ಯೂಸು ಯಾಕೆ ಹೋಗುತ್ತಿತ್ತು ಎನ್ನುವುದೇ ಕೇಳಬೇಕಾದ ಪ್ರಶ್ನೆ. ಸಣ್ಣ ಪಂಪು ಸರಿಯಾಗಿ ತಿರುಗುವಾಗ ಮೂರು ಆಂಪಿಯರ್ ಸುಮಾರಿಗೆ ಎಳೆಯುತ್ತದೆ. ತಳದಲ್ಲಿ ತೆಂಗಿನ ನಾರೋ ಪ್ಲಾಸ್ಟಿಕ್ ಹಾಳೆಯೋ ಸಿಕ್ಕಿಕೊಂಡು ನಿಂತುಬಿಟ್ಟರೆ ಅದರ ಎಷ್ಟೋ ಪಟ್ಟು ಎಳೆಯುತ್ತದೆ. ಪಂಪಿನ ಜಾಲರಿ ಬಿಚ್ಚಿ, ಒಳಗಿನ ರೆಕ್ಕೆಯನ್ನು ಬೆರಳಲ್ಲಿ ತಿರುಗಿಸಿ ನೋಡಿ. ಹತ್ತಕ್ಕೆ ಏಳು ಸಲ ನಾರು ಸಿಗುತ್ತದೆ, ನನ್ನ ಲೆಕ್ಕದಲ್ಲಿ. ಸಿಗದಿದ್ದರೆ ವೈರು ಎಲ್ಲೋ ಉಜ್ಜಿ ಶಾರ್ಟ್ ಆಗುತ್ತಿರಬಹುದು. ಪಂಪಿನ ಮೇಲೆ ಎಷ್ಟರ ಫ್ಯೂಸು ಹಾಕಬೇಕೆಂದು ಬರೆದಿರುತ್ತದೆ, ಅಷ್ಟೇ ಹಾಕಿ.

ಈಗ ಪರೀಕ್ಷೆ. ಅದಕ್ಕೆ ಮೊದಲು ಪೆಟ್ರೋಲ್ ಟ್ಯಾಂಕನ್ನು ದಡಕ್ಕೆ ತನ್ನಿ, ಸೀಟಿನ ಮುಚ್ಚಳ ತೆರೆದು ಅರ್ಧ ಗಂಟೆ ಗಾಳಿಯಾಡಲು ಬಿಡಿ. ಪೆಟ್ರೋಲಿನ ಆವಿ ಗಾಳಿಗಿಂತ ಭಾರ. ಅದು ಮೇಲೆ ಹೋಗುವುದಿಲ್ಲ, ತಳದಲ್ಲೇ ಕೂತಿರುತ್ತದೆ. ಚಾರ್ಜ್ ಆಗುವ ಬ್ಯಾಟರಿಯಿಂದ ಬರುವ ಹೈಡ್ರೋಜನ್ ಹಗುರ, ಅದು ಮುಚ್ಚಿದ ಪೆಟ್ಟಿಗೆಯ ಮೇಲ್ಭಾಗದಲ್ಲಿ ನಿಲ್ಲುತ್ತದೆ. ನಿಮ್ಮ ಸೀಟಿನ ಅಡಿಯಲ್ಲಿ ಎರಡೂ ಉಂಟು. ಮುಂದೆ ಎಂದಾದರೂ ಬ್ಯಾಟರಿಯನ್ನು ಬೇರೆ ಪೆಟ್ಟಿಗೆಗೆ ಸ್ಥಳಾಂತರಿಸಲೇಬೇಕು. ಬಿಚ್ಚುವಾಗ ಮೈನಸ್ ಮೊದಲು, ಹಾಕುವಾಗ ಮೈನಸ್ ಕೊನೆಗೆ.

ಬ್ಯಾಟರಿಯನ್ನು ಪೂರ್ತಿ ಚಾರ್ಜ್ ಮಾಡಿ ಒಂದು ರಾತ್ರಿ ಸುಮ್ನೆ ಬಿಡಿ. ಬೆಳಿಗ್ಗೆ 12.6 ಇದ್ದರೆ ತುಂಬಿದೆ. 12.2 ಅಂದರೆ ಅರ್ಧ. 12ಕ್ಕಿಂತ ಕೆಳಗೆ ಬಂದರೆ ಬಹುಪಾಲು ಖಾಲಿ. ಬೋಟಿಗೆ ಹಾಕಿದ ಮೇಲೆ ಯಾರಾದರೂ ಕೀ ತಿರುಗಿಸಲಿ, ನೀವು ಮೀಟರಿನ ಎರಡು ಮೊನೆಗಳನ್ನು ಬ್ಯಾಟರಿಯ ಸೀಸದ ಕಂಬಗಳ ಮೇಲೇ ಇಡಿ, ಕ್ಲ್ಯಾಂಪಿನ ಮೇಲಲ್ಲ. ಸೆಲ್ಫ್ ತಿರುಗುವಾಗ ಸುಮಾರು 10ಕ್ಕಿಂತ ಕೆಳಗೆ ಕುಸಿದರೆ ಬ್ಯಾಟರಿಯ ಮೇಲೆ ಅನುಮಾನ ಪಡಬಹುದು. ಅಲ್ಲಿ 11.5 ನಿಂತಿದ್ದೂ ಸೆಲ್ಫ್ ಮುಕ್ಕರಿಯುತ್ತಿದ್ದರೆ ಬ್ಯಾಟರಿಗೆ ಬೈಯಬೇಡಿ, ಕೇಬಲ್ ನೋಡಿ.

ಮುಂದಿನದು ಮುಖ್ಯ, ಸಾವಕಾಶ ಮಾಡಿ. ಪಂಪು ಓಡುತ್ತಿರಲಿ. ಒಣಗಿ ಓಡಿಸಬೇಡಿ, ತಳಕ್ಕೆ ಒಂದೆರಡು ಬಕೆಟ್ ನೀರು ಹೊಯ್ಯಿರಿ. ಮೀಟರನ್ನು 20 ವೋಲ್ಟ್ ಡಿಸಿಗೆ ಇಟ್ಟು, ಒಂದು ಮೊನೆ ಬ್ಯಾಟರಿಯ ಪ್ಲಸ್ಸಿಗೆ, ಇನ್ನೊಂದು ಮೊನೆ ಪಂಪಿನ ಪ್ಲಸ್ ವೈರಿಗೆ. ಎರಡೂ ಪ್ಲಸ್, ಆದ್ದರಿಂದ ಸೊನ್ನೆ ಇರಬೇಕು. ಎಷ್ಟು ಬರುತ್ತದೋ ಅಷ್ಟು ದಾರಿಯಲ್ಲಿ ಕಳೆದುಹೋಗಿದೆ. ಅದೇ ರೀತಿ ಬ್ಯಾಟರಿಯ ಮೈನಸ್ಸಿನಿಂದ ಪಂಪಿನ ಮೈನಸ್ಸಿಗೆ. ಎರಡನ್ನೂ ಕೂಡಿಸಿ. ಪಂಪಿನಂಥ ಮುಖ್ಯ ಸಾಮಾನಿಗೆ ಒಟ್ಟು ನಷ್ಟ ನೂರಕ್ಕೆ ಮೂರರೊಳಗೆ ಇರಬೇಕು ಎನ್ನುವುದು ಬೋಟು ಕಟ್ಟುವವರು ಪಾಲಿಸುವ ಲೆಕ್ಕ. 12 ವೋಲ್ಟಿನಲ್ಲಿ ಅದು 0.36. ನಿಮ್ಮಲ್ಲಿ ಒಂದೂವರೆ ವೋಲ್ಟ್ ಬಂದರೆ ನನಗೆ ಆಶ್ಚರ್ಯವಿಲ್ಲ.

ಮೈನಸ್ ಕಡೆ ಜಾಸ್ತಿ ಬರುತ್ತದೆ ಎಂದು ನನ್ನ ಊಹೆ. ಪ್ಲಸ್ ವೈರಿಗೆ ಎಲ್ಲರೂ ಮರ್ಯಾದೆ ಕೊಡುತ್ತಾರೆ. ಮೈನಸ್ಸುಗಳನ್ನು ಮಾತ್ರ ಐದಾರು ಒಟ್ಟು ತಿರುಚಿ, ಟೇಪು ಸುತ್ತಿ ಮೂಲೆಗೆ ತಳ್ಳುತ್ತಾರೆ. ಪಂಪು, ಲೈಟು, ಹಾಡಿನ ಸೆಟ್ಟು ಮೂರೂ ಅದೇ ಗಂಟಿನಿಂದ ವಾಪಸ್ ಹೋಗಬೇಕು. ಪಂಪು ಶುರುವಾದಾಗ ಒಮ್ಮೆಗೆ ಜೋರಾಗಿ ಎಳೆಯುತ್ತದೆ, ಗಂಟು ಅಷ್ಟನ್ನು ಬಿಡುವುದಿಲ್ಲ, ಸೆಟ್ಟಿಗೆ ಉಳಿಯುವ ವೋಲ್ಟ್ ಸಾಲದೆ ಅದು ಆಫ್ ಆಗುತ್ತದೆ. ಸೆಟ್ಟು ಚೆನ್ನಾಗಿಯೇ ಇದೆ ಮಾಸ್ಟ್ರೇ, ಎಸೆಯಬೇಡಿ. ಮೊನೆಯನ್ನು ಒಂದೊಂದೇ ಜಾಯಿಂಟು ದಾಟಿಸುತ್ತಾ ಹೋಗಿ. ಎಲ್ಲಿ ಅಂಕೆ ಥಟ್ಟನೆ ಜಿಗಿಯುತ್ತದೋ ಕಳ್ಳ ಅಲ್ಲಿದ್ದಾನೆ. ಕೈಯಿಂದ ಮುಟ್ಟಿದರೂ ಬಿಸಿ ಗೊತ್ತಾಗುತ್ತದೆ. ಜಾಯಿಂಟಿನಲ್ಲಿ ಅರ್ಧ ಓಮ್ ರೆಸಿಸ್ಟೆನ್ಸ್ ಇದ್ದು ಮೂರು ಆಂಪಿಯರ್ ಹರಿದರೆ ನಾಲ್ಕೂವರೆ ವಾಟ್ ಬಿಸಿ. ಕಡಲೆಕಾಳಿನಷ್ಟು ಜಾಗದಲ್ಲಿ ಅದು ಪ್ಲಾಸ್ಟಿಕ್ ಕರಗಿಸಲು ಸಾಕು.

ಮೀಟರ್ ಹಿಡಿಯಲು ಬೇಜಾರಾದರೆ ಕಾರಿನ ಬ್ರೇಕ್ ಲೈಟಿನ 21 ವಾಟ್ ಬಲ್ಬಿಗೆ ಎರಡು ವೈರು ಕಟ್ಟಿಕೊಳ್ಳಿ. ಅದು ಸುಮಾರು 1.75 ಆಂಪಿಯರ್ ಎಳೆಯುತ್ತದೆ. ಕಿಲುಬು ಹಿಡಿದ ವೈರಿಗೆ ಅದನ್ನು ಕೊಟ್ಟರೆ ಮಿಣುಕುತ್ತದೆ, ಸುಳ್ಳು ಹೇಳುವುದಿಲ್ಲ. ಎಲ್‌ಇಡಿ ಬಲ್ಬು ಬೇಡ. ಅದಕ್ಕೆ ಕರೆಂಟು ಅಷ್ಟು ಬೇಡ, ಕೆಟ್ಟ ವೈರಿನಲ್ಲೂ ಹೊಳೆಯುತ್ತದೆ.

ಐದಾರು ದಿನಕ್ಕೆ ಬ್ಯಾಟರಿ ಇಳಿಯುವುದು ಬೇರೆ ಕಥೆ. ಎಲ್ಲ ಸ್ವಿಚ್ ಆಫ್ ಮಾಡಿ, ಮೈನಸ್ ಕೇಬಲ್ ಬಿಚ್ಚಿ, ಕೇಬಲ್ಲಿಗೂ ಬ್ಯಾಟರಿಗೂ ನಡುವೆ ಮೀಟರನ್ನು 10 ಆಂಪಿಯರ್ ಪಾಯಿಂಟಿನಲ್ಲಿ ಸೇರಿಸಿ. ಆಗ ಯಾರೂ ಕೀ ಮುಟ್ಟಬಾರದು, ಸೆಲ್ಫ್ ತಿರುಗಿದರೆ ಮೀಟರಿನ ಕಥೆ ಮುಗಿಯಿತು. ಹತ್ತಿಪ್ಪತ್ತು ಮಿಲಿ ಆಂಪಿಯರ್ ಇದ್ದರೆ ಚಿಂತೆ ಬೇಡ. 300 ಮಿಲಿ ಆಂಪಿಯರ್ ಬಂದರೆ ಲೆಕ್ಕ ಹಾಕಿ: 24 ಗಂಟೆಗೆ 7.2 ಆಂಪಿಯರ್ ಅವರ್. ನಿಮ್ಮದು 80ರ ಬ್ಯಾಟರಿಯಾದರೆ ಆರು ದಿನ ಆಗುವ ಮೊದಲೇ ಅರ್ಧ ಖಾಲಿ. ಹೀಗೆ ಮತ್ತೆ ಮತ್ತೆ ಖಾಲಿಯಾಗಿ ನಿಂತ ಸೀಸದ ಬ್ಯಾಟರಿಯ ಪ್ಲೇಟು ಗಟ್ಟಿಕಟ್ಟುತ್ತದೆ, ಆಮೇಲೆ ಚಾರ್ಜ್ ಹಿಡಿಯುವುದಿಲ್ಲ. ನಿಮ್ಮ ಎರಡು ಬ್ಯಾಟರಿ ಸತ್ತದ್ದು ಹೀಗೆ ಇರಬಹುದು. ಅಂಗಡಿಯವರದ್ದೂ ಕಂಪನಿಯವರದ್ದೂ ತಪ್ಪಿಲ್ಲ.

ಮೀಟರ್ ಸೇರಿಸಿದ ಹಾಗೇ ಒಂದೊಂದೇ ಫ್ಯೂಸು ಕೀಳಿ. ಯಾವುದು ಕಿತ್ತಾಗ ಅಂಕೆ ಬೀಳುತ್ತದೋ ಅದು. ನನ್ನ ಮೊದಲ ಅನುಮಾನ ಹಾಡಿನ ಸೆಟ್ಟಿನ ಮೇಲೆ. ಕಾರಿನ ಸೆಟ್ಟಿಗೆ ಹಳದಿ ವೈರು ಯಾವಾಗಲೂ ಕರೆಂಟು ಬೇಕಾದದ್ದು, ಕೆಂಪು ವೈರು ಕೀ ಹಾಕಿದಾಗ ಮಾತ್ರ. ಬೋಟಿನಲ್ಲಿ ಹಾಕುವವರು ಎರಡನ್ನೂ ಒಟ್ಟು ಸೇರಿಸಿ ಬ್ಯಾಟರಿಗೆ ಕೊಟ್ಟುಬಿಡುತ್ತಾರೆ. ಎರಡಕ್ಕೂ ಒಂದು ಸ್ವಿಚ್ ಹಾಕಿ. ನಿಮಗೆ ಬೇಕಾದ ಸ್ಟೇಷನ್ ಸೆಟ್ಟು ಮರೆತೀತು, ಅಷ್ಟೇ ನಷ್ಟ. ಎರಡನೇ ಅನುಮಾನ ತಳದಲ್ಲಿ ನೀರಲ್ಲಿ ಮುಳುಗಿರುವ ಪಂಪಿನ ಜಾಯಿಂಟು. ಉಪ್ಪುನೀರಿನಲ್ಲಿ ಮುಳುಗಿದ ಪ್ಲಸ್ ತುದಿ ಕರೆಂಟು ಸೋರಿಸುತ್ತಾ ತಾನೇ ಕರಗಿ ಹೋಗುತ್ತದೆ. ಪಂಪು ತಾನಾಗಿ ಓಡಬೇಕಾದ್ದರಿಂದ ಅದರ ಲೈನು ಯಾವಾಗಲೂ ಚಾಲೂ ಇರುತ್ತದೆ, ಇರಲೂಬೇಕು. ಹಾಗಾಗಿ ಜಾಯಿಂಟನ್ನು ನೀರು ಎಂದೂ ಮುಟ್ಟದಷ್ಟು ಎತ್ತರಕ್ಕೆ ತನ್ನಿ.

ಪೂರ್ತಿ ಕಿತ್ತು ಹಾಕಬೇಕೇ ಎಂದು ಕೇಳಿದ್ದೀರಿ. ಅದಕ್ಕೆ ವೈರೇ ಉತ್ತರ ಹೇಳುತ್ತದೆ. ಒಂದು ಜಾಯಿಂಟು ಕತ್ತರಿಸಿ ಎರಡು ಇಂಚು ಸುಲಿಯಿರಿ. ತಾಮ್ರ ಹೊಸ ಕಾಸಿನಂತೆ ಹೊಳೆದರೆ ಅಲ್ಲೇ ಹೊಸ ತುದಿ ಮಾಡಿ. ಕಪ್ಪಾಗಿದ್ದರೆ ಇನ್ನೊಂದು ಗೇಣು ಕತ್ತರಿಸಿ. ಒಂದಡಿ ಹೋದರೂ ಕಪ್ಪೇ ಇದ್ದರೆ ಆ ವೈರು ಮುಗಿಯಿತು, ತೆಗೆಯಿರಿ.

ಬರೀ ಕೆಟ್ಟ ಜಾಯಿಂಟು ಸರಿ ಮಾಡಿ ಬಿಡುವುದು ಅಗ್ಗ. ಒಂದು ಮಳೆಗಾಲ ದಾಟೀತು, ಮುಂದಿನದಕ್ಕೆ ಪಕ್ಕದ ಜಾಯಿಂಟು ಹೋಗುತ್ತದೆ. ಪೂರ್ತಿ ಹೊಸದು ಮಾಡಿಸುವುದು ಮನಸ್ಸಿಗೆ ನೆಮ್ಮದಿ, ಆದರೆ 22 ಅಡಿಯ ಬೋಟಿಗೆ ಖರ್ಚು ಸ್ವಲ್ಪ ಅತಿ. ಬೋಟಿನ ಕೆಲಸ ಗೊತ್ತಿಲ್ಲದವರ ಕೈಗೆ ಕೊಟ್ಟರೆ ಹಳೆ ತಪ್ಪುಗಳೇ ಹೊಸ ವೈರಿನಲ್ಲಿ ಬರುತ್ತವೆ. ನಾನಾದರೆ ನಡುವಿನ ದಾರಿ ಹಿಡಿಯುತ್ತೇನೆ. ಬ್ಯಾಟರಿಯಿಂದ ಮುಂದಿನವರೆಗೆ ಹೋಗುವ ಪ್ಲಸ್ ಮತ್ತು ಮೈನಸ್ ಮುಖ್ಯ ವೈರುಗಳು, ಮೈನಸ್ಸುಗಳನ್ನೆಲ್ಲ ಸ್ಕ್ರೂ ಹಾಕಿ ಕೂರಿಸುವ ಒಂದು ಹಿತ್ತಾಳೆ ಪಟ್ಟಿ, ಮುಚ್ಚಳ ಇರುವ ಫ್ಯೂಸ್ ಪೆಟ್ಟಿಗೆ, ಪಂಪಿನ ಪೂರ್ತಿ ಲೈನು, ಮುಂದಿನ ಲೈಟಿಗೆ ಸ್ವಂತ ಮೈನಸ್. ಇಷ್ಟು ಹೊಸದು. ಬ್ಯಾಟರಿಯ ಪ್ಲಸ್ಸಿನಿಂದ ಏಳು ಇಂಚಿನೊಳಗೆ ಒಂದು ಮುಖ್ಯ ಫ್ಯೂಸು. ಆ ಏಳು ಇಂಚಿಗೆ ಕಾವಲು ಯಾರೂ ಇಲ್ಲದ್ದರಿಂದಲೇ ಅದನ್ನು ಅಷ್ಟು ಗಿಡ್ಡ ಇಡುವುದು. ಸೆಲ್ಫಿನ ದಪ್ಪ ಕೇಬಲ್ ಮಾತ್ರ ಈ ಫ್ಯೂಸಿನ ಮೂಲಕ ಹೋಗುವುದಲ್ಲ, ಅದು ಬೇರೆ. ಉಳಿದ ಸಣ್ಣಪುಟ್ಟ ವೈರು ಹೊಳೆಯುತ್ತಿದ್ದರೆ ಸದ್ಯಕ್ಕೆ ಇರಲಿ.

ಮನೆ ವೈರಿನ ವಿಷಯ. ಹಾಕಿದ ದಿನ ಅದೂ ಚೆನ್ನಾಗಿಯೇ ಕೆಲಸ ಮಾಡುತ್ತದೆ. ನಮ್ಮ ಗಾಳಿಯಲ್ಲಿ ಮೂರು ನಾಲ್ಕು ಮಳೆಗಾಲಕ್ಕೆ ಅದರ ತುದಿ ಕಪ್ಪಾಗುವುದನ್ನು ನೋಡಿದ್ದೇನೆ. ಬೋಟಿಗೆಂದೇ ಬರುವ ವೈರಿನಲ್ಲಿ ಪ್ರತಿ ಎಳೆಗೂ ತವರದ ಲೇಪ ಇರುತ್ತದೆ, ನಿಮ್ಮ ಅಜ್ಜಿಯ ಕಾಲದ ಪಾತ್ರೆಗೆ ಕಲಾಯಿ ಹಾಕಿದ ಹಾಗೆಯೇ. ಸುಲಿದರೆ ಬೆಳ್ಳಗೆ ಕಾಣುತ್ತದೆ. ಬೆಲೆ ಹೆಚ್ಚು. ಕುಂಬಳೆಯಲ್ಲಿ ಸಿಗದಿದ್ದರೆ ಮಂಗಳೂರಿನಲ್ಲಿ ವಿಚಾರಿಸಿ, ಅಲ್ಲೂ ಇಲ್ಲದಿದ್ದರೆ ಕೊಚ್ಚಿಯಿಂದ ತರಿಸಬಹುದು. ಎಲ್ಲ ಕಡೆಗೂ ಬೇಡ, ಪಂಪಿಗೂ ಮುಖ್ಯ ಲೈನಿಗೂ ಹಾಕಿದರೆ ಸಾಕು. ಬೇರೆ ದಾರಿಯೇ ಇಲ್ಲದೆ ಮನೆ ವೈರು ಹಾಕುವುದಾದರೆ ಬಹು ಎಳೆಯದ್ದನ್ನೇ ಹಾಕಿ. ಒಂದೇ ಗಟ್ಟಿ ಸರಿಗೆಯದ್ದು ಎಂಜಿನ್ನಿನ ನಡುಕಕ್ಕೆ ತುಂಡಾಗುತ್ತದೆ. ದಪ್ಪದಲ್ಲಿ ಜಿಪುಣತನ ಬೇಡ. ಮುಂದಿನ ತುದಿ ಆರು ಮೀಟರ್ ದೂರ ಎಂದರೆ ಕರೆಂಟು ಹೋಗಿ ಬರುವುದು 12 ಮೀಟರ್. ಒಂದು ಸ್ಕ್ವೇರ್ ಎಂಎಂ ವೈರಿನಲ್ಲಿ ಮೂರು ಆಂಪಿಯರಿಗೆ 0.6 ವೋಲ್ಟ್ ದಾರಿಯಲ್ಲೇ ಹೋಗುತ್ತದೆ, ವೈರು ಹೊಸದಿದ್ದರೂ ಸಹ. ಎರಡೂವರೆ ಹಾಕಿದರೆ ಕಾಲು ವೋಲ್ಟ್ ಸುಮಾರಿಗೆ ಇಳಿಯುತ್ತದೆ.

ರೆಸಾರ್ಟಿನ ಬೋಟಾದ್ದರಿಂದ ಹಿಂದೆ ಇನ್ವರ್ಟರ್ ಇಟ್ಟು 230ರ ಲೈಟು ಹಾಕಿದ್ದಿರಬಹುದು. ನಮ್ಮ ದೇಶದಲ್ಲಿ ಮನೆ ವೈರಿಂಗಿನ ಫೇಸ್ ಕೆಂಪು, ನ್ಯೂಟ್ರಲ್ ಕಪ್ಪು. ಬ್ಯಾಟರಿಯ ಪ್ಲಸ್ ಮೈನಸ್ಸಿಗೂ ಅದೇ ಕೆಂಪು ಕಪ್ಪು. ಹಲಗೆಯ ಹಿಂದೆ ಎರಡೂ ಒಟ್ಟಿಗೆ ಓಡಿದ್ದರೆ ಯಾವುದು ಯಾವುದೆಂದು ಬಣ್ಣ ಹೇಳುವುದಿಲ್ಲ. ಉಪಯೋಗಕ್ಕಿಲ್ಲದ ಹಳೆ ವೈರನ್ನು ಕತ್ತರಿಸಿ ಬಿಡಬೇಡಿ, ಪೂರ್ತಿ ಎಳೆದು ಹೊರಗೆ ಹಾಕಿ. ಹೊಸ ಮೈನಸ್ ವೈರುಗಳನ್ನು ಹಳದಿ ಬಣ್ಣದಲ್ಲಿ ಎಳೆಯುವ ರೂಢಿ ಹೊರದೇಶದ ಬೋಟುಗಳಲ್ಲಿದೆ. ನೀವೂ ಹಾಗೇ ಮಾಡಿ, ಹತ್ತು ವರ್ಷದ ನಂತರ ಆ ಹಲಗೆ ಬಿಚ್ಚುವವನು ನಿಮ್ಮನ್ನು ನೆನೆಯುತ್ತಾನೆ.

ಜಾಯಿಂಟು ಮಾಡುವ ರೀತಿಯಲ್ಲಿ ಜಗಳ ಬಹಳ. ಬೆಸುಗೆ ಹಾಕಿದರೆ ಗಟ್ಟಿ ಎನ್ನುವವರು ಇದ್ದಾರೆ. ಬೆಸುಗೆಯ ಸೀಸ ಎಳೆಗಳ ಒಳಕ್ಕೆ ಹರಿದು ವೈರು ಕಡ್ಡಿಯಂತಾಗುತ್ತದೆ. ಕಡ್ಡಿ ಮುಗಿದು ಮೆತ್ತಗಿನ ವೈರು ಶುರುವಾಗುವ ಜಾಗದಲ್ಲಿ ನಡುಕಕ್ಕೆ ಮುರಿಯುತ್ತದೆ. ನನ್ನ ಆಯ್ಕೆ ಕ್ರಿಂಪಿಂಗ್, ಅಂದರೆ ವೈರನ್ನು ಲೋಹದ ಸಣ್ಣ ಕೊಳವೆಗೆ ತೂರಿಸಿ ಒತ್ತಿ ಹಿಡಿಸುವುದು. ಆದರೆ ಕಟಿಂಗ್ ಪ್ಲೇಯರಿನಲ್ಲಿ ಅಮುಕಿದ್ದು ಕ್ರಿಂಪಿಂಗ್ ಅಲ್ಲ. ಪೂರ್ತಿ ಒತ್ತದೆ ಬಾಯಿ ಬಿಡದ ರ‍್ಯಾಚೆಟ್ ಟೂಲಿನಲ್ಲಿ ಒತ್ತಿ, ಜೋರಾಗಿ ಎಳೆದು ನೋಡಿ. ಮೇಲೆ ಒಳಗಡೆ ಅಂಟು ಇರುವ ಹೀಟ್ ಶ್ರಿಂಕ್ ಸ್ಲೀವು. ಬಿಸಿ ಮಾಡಿದಾಗ ಎರಡೂ ತುದಿಯಲ್ಲಿ ಅಂಟು ಸ್ವಲ್ಪ ಹೊರಗೆ ಬಂದರೆ ತೇವಕ್ಕೆ ಬಾಗಿಲು ಮುಚ್ಚಿತು. ಕರಿ ಟೇಪು ಒಂದೇ ಬೇಸಿಗೆಗೆ ಅಂಟಂಟಾಗಿ ಬಿಚ್ಚಿಕೊಳ್ಳುತ್ತದೆ. ವಿನೆಗರ್ ವಾಸನೆ ಬರುವ ಸಿಲಿಕೋನ್ ಅಂತೂ ಬೇಡವೇ ಬೇಡ. ಆ ವಾಸನೆಯೇ ಆಮ್ಲದ್ದು, ಅದು ಒಣಗುವಾಗ ತಾಮ್ರವನ್ನು ತಿನ್ನುತ್ತದೆ. ಬ್ಯಾಟರಿಯ ಟರ್ಮಿನಲ್ಲಿನ ಬಿಳಿ ಹೂವನ್ನು ಅಡಿಗೆ ಸೋಡಾ ನೀರಿನಲ್ಲಿ ತೊಳೆದು, ಒರೆಸಿ, ಬಿಗಿ ಮಾಡಿ, ಆಮೇಲೆ ಮೇಲಿಂದ ವ್ಯಾಸಲಿನ್ ಹಚ್ಚಿ. ಸೋಡಾ ನೀರು ಬ್ಯಾಟರಿಯ ಒಳಗೆ ಹೋಗದ ಹಾಗೆ ನೋಡಿಕೊಳ್ಳಿ.

ಎಂಜಿನ್ ಓಡುತ್ತಿರುವಾಗ ಬ್ಯಾಟರಿ ವೈರು ಬಿಚ್ಚಿ ‘ಚಾರ್ಜ್ ಆಗುತ್ತಿದೆಯೇ’ ಎಂದು ನೋಡುವ ಒಂದು ಅಭ್ಯಾಸ ನಮ್ಮಲ್ಲಿದೆ. ದಯವಿಟ್ಟು ಬೇಡ. ಬ್ಯಾಟರಿ ತಪ್ಪಿದ ಕೂಡಲೇ ವೋಲ್ಟ್ ಏರಿ ಎಂಜಿನ್ನಿನ ರೆಕ್ಟಿಫೈಯರ್ (ಎಂಜಿನ್ನಿನ ಕರೆಂಟನ್ನು ಬ್ಯಾಟರಿಗೆ ಬೇಕಾದ ಡಿಸಿ ಮಾಡುವ ಭಾಗ) ಸುಟ್ಟುಹೋಗುವ ಸಾಧ್ಯತೆ ಇದೆ. ಎಂಜಿನ್ನನ್ನು ಸ್ವಲ್ಪ ಜೋರಾಗಿ ಓಡಿಸಿ ಬ್ಯಾಟರಿಯ ಮೇಲೆ ಮೀಟರ್ ಇಡಿ. 13.8ರಿಂದ 14.4ರ ನಡುವೆ ಬಂದರೆ ಚಾರ್ಜಿಂಗ್ ಸರಿ ಇದೆ. ಇಂಥ ಔಟ್‌ಬೋರ್ಡ್ ನಿಧಾನಕ್ಕೆ ಓಡುವಾಗ ಕೊಡುವ ಚಾರ್ಜು ತೀರಾ ಕಡಿಮೆ. ಅಳಿವೆವರೆಗೆ ಮೆಲ್ಲಗೆ ಹೋಗಿ, ಲೈಟೂ ಹಾಡೂ ಹಾಕಿಕೊಂಡು ಬಂದರೆ ಹೋಗುವಾಗ ಇದ್ದದ್ದಕ್ಕಿಂತ ಕಡಿಮೆ ಉಳಿದಿರಬಹುದು.

ಮೂರನೇ ಬ್ಯಾಟರಿ ಸದ್ಯ ಕೊಳ್ಳಬೇಡಿ. ಕಂಬಿಯ ವೈರು ಬಿಡಿಸಿ, ಫ್ಯೂಸು ಬದಲಿಸಿ, ಆಮೇಲೆ ಈ ನಾಲ್ಕು ಅಂಕೆ ನನಗೆ ಬರೆದು ಕಳಿಸಿ: ರಾತ್ರಿ ಬಿಟ್ಟ ಬ್ಯಾಟರಿಯ ವೋಲ್ಟು, ಪಂಪು ಓಡುವಾಗ ಪ್ಲಸ್ ಕಡೆಯ ನಷ್ಟ, ಮೈನಸ್ ಕಡೆಯ ನಷ್ಟ, ಎಲ್ಲ ಆಫ್ ಇದ್ದಾಗ ಎಳೆಯುವ ಮಿಲಿ ಆಂಪಿಯರ್. ಮೈನಸ್ ಕಡೆಯದು ಒಂದು ವೋಲ್ಟ್ ದಾಟಿದ್ದರೆ ಆ ಟೇಪಿನ ಗಂಟನ್ನು ಬಿಚ್ಚಿ ಒಂದು ಫೋಟೋ ತೆಗೆದು ಜೊತೆಗೆ ಹಾಕಿ.